ನಿಮಗಿದು ಗೊತ್ತೆ? ಅಂಬರಗುಬ್ಬಿಗೆ ಪೆಟ್ಟಿಗೆ ಬೇಡ

ಉತ್ತರ ಅಮೆರಿಕದ ಕೆಲವು ಅಂಬರಗುಬ್ಬಿಗಳು ಹಿತ್ತಲಿನ ಮರದ ಪೆಟ್ಟಿಗೆಗಾಗಿ ಕಿತ್ತಾಡುತ್ತವೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಆ ಜಗಳವಿಲ್ಲ. ಚಳಿಗಾಲದಲ್ಲಿ ಬಂದು ತಂತಿಯ ಮೇಲೆ ಸಾಲುಗಟ್ಟುವ ಕವಲುತೋಕೆ ಎಂಬ ಅಂಬರಗುಬ್ಬಿ ಇಲ್ಲಿ ಗೂಡೇ ಕಟ್ಟದು. ಕೆಂಪು ಸೊಂಟದ ಅಂಬರಗುಬ್ಬಿಯೋ ಸೂರಿನಡಿ, ಸೇತುವೆಯಡಿ ಕೆಸರಿನ ಉಂಡೆಗಳಿಂದ ಸೀಸೆಯಂಥ ಗೂಡು ಮೆತ್ತುತ್ತದೆ. ಹಾಗಾದರೆ ಪೈಪೋಟಿಯೇ ಇಲ್ಲವೆ? ಇದೆ, ಆದರೆ ಗುಬ್ಬಚ್ಚಿಯೊಂದಿಗೆ: ಸಿದ್ಧವಾದ ಮಣ್ಣಿನ ಗೂಡನ್ನು ಅದು ಕಬಳಿಸುವುದುಂಟು. ಗುಬ್ಬಚ್ಚಿಗೆ ಪೆಟ್ಟಿಗೆ ಇಟ್ಟರೆ ಈ ಕಾಟ ಹೆಚ್ಚೀತೆಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೆ ಪೆಟ್ಟಿಗೆ ಇಡದಿರುವುದು ಪರಿಹಾರವಲ್ಲ, ಮಣ್ಣಿನ ಗೂಡಿನಿಂದ ದೂರ ತೂಗುಹಾಕುವುದು ಪರಿಹಾರ. ಕಿಂಡಿ 32 ಮಿ.ಮೀ. ಮೀರದಿದ್ದರೆ ದಪ್ಪ ಮೈಯ ಗೊರವಂಕವೂ ನುಗ್ಗದು. ಅಂಬರಗುಬ್ಬಿಗೆ ಬೇಕಾದದ್ದು ಹಿತ್ತಲಲ್ಲಿ ಒಂದಿಷ್ಟು ಹಸಿ ಕೆಸರು, ಅಷ್ಟೇ. ಗೋಡೆ ಕೊಳೆಯಾಯಿತೆಂದು ಗೂಡು ಕೆಡವಬೇಡಿ. ಕೆಳಗೊಂದು ಹಲಗೆ ಹೊಡೆಯಿರಿ.