ಗಾರ್ಮೆಂಟ್ಸ್ ಬಿಡುವ ಹೊತ್ತಿಗೆ

ಬೊಮ್ಮನಹಳ್ಳಿಯ ಹೊಸೂರು ರಸ್ತೆಯಲ್ಲಿ ಸಂಜೆ ಗಾರ್ಮೆಂಟ್ಸ್ ಗೇಟು ತೆರೆದದ್ದೇ ತಡ, ಹೆಂಗಸರ ದಂಡು ಹೊರಗೆ ನುಗ್ಗುತ್ತದೆ. ಕೊರಳಲ್ಲಿ ಐಡಿ ಕಾರ್ಡು, ಹೆಗಲಲ್ಲಿ ಖಾಲಿ ಡಬ್ಬಿಯ ಚೀಲ, ಹುಬ್ಬಿಗೆ ಅಂಟಿದ ಬಟ್ಟೆಯ ಧೂಳು. ತಳ್ಳುಗಾಡಿಯ ಸೊಪ್ಪಿಗೆ ಚೌಕಾಸಿ ಮಾಡಲೂ ಪುರುಸೊತ್ತಿಲ್ಲ. ಚುನಾವಣೆ ಬಂತೆಂದರೆ ಅದೇ ಗಳಿಗೆಗೆ ಅಭ್ಯರ್ಥಿಯ ತೆರೆದ ಜೀಪೂ ಬಂದು ನಿಲ್ಲುತ್ತದೆ. ಇಷ್ಟು ಮತ ಒಟ್ಟಿಗೆ ಸಿಗುವ ಜಾಗ ಬೇರೆಲ್ಲಿದೆ?

"ತಾಯಂದಿರೇ, ಅಕ್ಕತಂಗಿಯರೇ..." ಮೈಕು ಶುರುವಾಗುತ್ತದೆ. ರಸ್ತೆ, ನೀರು, ಬೀದಿದೀಪ ಎಲ್ಲ ಮುಗಿದ ಮೇಲೆ ಕಾರ್ಮಿಕರ ಸರದಿ: "ನಾವು ಸದಾ ನಿಮ್ಮ ಪರ." ಹೇಗೆ ಪರ, ಎಷ್ಟು ಪರ ಎಂದು ಕೇಳುವಷ್ಟರಲ್ಲಿ ತಮಟೆ ಬಾರಿಸಿಬಿಡುತ್ತಾರೆ. ಪಕ್ಷ ಯಾವುದಾದರೂ ಈ ಭಾಷಣ ಬರೆದುಕೊಡುವವನು ಒಬ್ಬನೇ ಇರಬೇಕು!

ಇದೇ ರಸ್ತೆಯನ್ನು 2016ರ ಏಪ್ರಿಲ್ 18, 19ರಂದು ಗಾರ್ಮೆಂಟ್ಸ್ ಹೆಂಗಸರು ತಡೆದು ನಿಲ್ಲಿಸಿದ್ದರು. ಪಿಎಫ್‌ನಲ್ಲಿ ಕಂಪನಿ ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಮಿಷನ್ ಬಿಟ್ಟು ಎದ್ದವರು ನೇರ ಬೀದಿಗಿಳಿದರು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಎರಡನೇ ದಿನವೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ರದ್ದು ಮಾಡಿದರು. ಪಿಎಫ್ ಎಂದರೆ ಇವರಿಗೆ ಮಗಳ ಮದುವೆ, ಬಡ್ಡಿ ಸಾಲದ ಬಿಡುಗಡೆ, ಊರಿನ ಮನೆಯ ಮಾಡು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ಟಿನಡಿ ಕಣ್ಣೂ ಸೊಂಟವೂ 58ರ ತನಕ ತಾಳಬೇಕಲ್ಲ!

ಹಾಗೆಂದು ಮುಪ್ಪಿನ ಚಿಂತೆ ಇಲ್ಲವೆಂದಲ್ಲ. ಕಂಪನಿ ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಕೊನೆಯ ವರ್ಷಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು ಸರ್ಕಾರದ ಲೆಕ್ಕ. 14,000 ಸಂಬಳಕ್ಕೆ 15 ವರ್ಷ ದುಡಿದರೆ ತಿಂಗಳಿಗೆ 3,000 ರೂಪಾಯಿ. ಅದೂ 10 ವರ್ಷದ ಸೇವೆ ಇದ್ದರೆ ಮಾತ್ರ. ಹೆರಿಗೆಗೆಂದೋ, ಅತ್ತೆಯ ಕಾಯಿಲೆಗೆಂದೋ ನಡುವೆ ಕೆಲಸ ಬಿಟ್ಟು, ಪಿಂಚಣಿಯ ದುಡ್ಡನ್ನೂ ತೆಗೆದುಕೊಂಡರೆ ಹಿಂದಿನ ಸೇವೆ ಲೆಕ್ಕದಿಂದ ಹೋಯಿತು. ಮತ್ತೆ ಒಂದರಿಂದ ಎಣಿಸಬೇಕು. ಕನಿಷ್ಠ ಪಿಂಚಣಿ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ಹತ್ತು ವರ್ಷ ಕಳೆದರೂ ಆ ಅಂಕಿ ಕದಲಲಿಲ್ಲ, ಗ್ಯಾಸ್ ಸಿಲಿಂಡರ್ ಬೆಲೆಯೇನೂ ಅದಕ್ಕಾಗಿ ಕಾದು ಕೂರಲಿಲ್ಲ.

ಪಿಂಚಣಿಯಿಂದ ಮತ ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಸರ್ಕಾರಿ ನೌಕರರಿಗೆ ಹಳೆ ಪಿಂಚಣಿ ಕೊಡುತ್ತೇವೆಂದು 2022ರಲ್ಲಿ ಹಿಮಾಚಲ ಪ್ರದೇಶದಲ್ಲಿ ಕಾಂಗ್ರೆಸ್ ಮಾತು ಕೊಟ್ಟು ಗೆದ್ದಿತು. ಮರುವರ್ಷದ ಜನವರಿಯಲ್ಲಿ ಮೊದಲ ಸಂಪುಟ ಸಭೆಯಲ್ಲೇ ಒಪ್ಪಿಗೆಯನ್ನೂ ಕೊಟ್ಟಿತು. ನೌಕರರಿಗೆ ಸಂಘವಿದೆ, ಮುಷ್ಕರದ ಬಲವಿದೆ, ಪ್ರಣಾಳಿಕೆ ಬರೆಯುವವರ ಪರಿಚಯವೂ ಇದೆ. ಹೊಲಿಯುವ ಹೆಂಗಸಿಗೆ ಇರುವುದು ಮೊಬೈಲಿನಲ್ಲಿ ತೆರೆಯಲೊಲ್ಲದ ಪಿಎಫ್ ಪಾಸ್‌ಬುಕ್ಕು ಮತ್ತು ಒಂದು ಮತ.

ಪಿಎಫ್ ಪಿಂಚಣಿ ಕೇಂದ್ರದ ಕೈಯಲ್ಲಿರುವುದರಿಂದ ಲೋಕಸಭೆಗೆ ನಿಂತವರು ಇದರಿಂದ ನುಣುಚಿಕೊಳ್ಳುವಂತಿಲ್ಲ. ಮತ ಕೇಳಲು ಬಂದರೆ ಇಷ್ಟು ಕೇಳಿ: ಆ 1,000 ರೂಪಾಯಿಯನ್ನು ಎಷ್ಟಕ್ಕೆ ಏರಿಸುತ್ತೀರಿ, ಯಾವಾಗ? ಉತ್ತರವನ್ನು ಅವರದೇ ಕರಪತ್ರದ ಹಿಂದೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.