ಶಾಲೆಯ ಪಾತಿಗೆ ಒಂದು ಒಲೆಯೂ ಬೇಕು

ಶಾಲೆಯ ಕೈತೋಟವನ್ನು ತಕ್ಕಡಿಯಲ್ಲಿ ತೂಗಿದರೆ ಅದು ಸೋಲುತ್ತದೆ. ಮಧ್ಯಾಹ್ನದ ಊಟದ ನಿಯಮದಂತೆ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಸಿಗಬೇಕು. 200 ಮಕ್ಕಳಿದ್ದರೆ 10 ಕಿಲೊ. ಪಾಲಕ್ ಚೆನ್ನಾಗಿ ಬಂದರೂ ಚದರ ಮೀಟರಿಗೆ ಸಿಗುವುದು ಸುಮಾರು ಒಂದು ಕಿಲೊ. ಅಂದರೆ 20 ಚದರ ಮೀಟರಿನ ಪಾತಿಗೆ ತಿಂಗಳಿಡೀ ನೀರುಣಿಸಿದರೆ ಎರಡು ದಿನದ ಸೊಪ್ಪು. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಅದನ್ನು ಬೇಯಿಸಲು ಜಾಗವನ್ನೂ ಹುಡುಕಬೇಕು: 2000ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಕ್ಷಯ ಪಾತ್ರ ಸಂಸ್ಥೆ ಈ ಮೂರೂ ನಗರಗಳ ಅನೇಕ ಶಾಲೆಗಳಿಗೆ ದೊಡ್ಡ ಅಡುಗೆಮನೆಗಳಿಂದ ಊಟ ಕಳಿಸುತ್ತದೆ. ಹೀಗಿದ್ದೂ, 2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದ್ದು ಸರಿ ಎಂದೇ ನನ್ನ ವಾದ. ತೋಟದ ನಿಜವಾದ ಕೆಲಸ ಮಗುವಿನ ನಾಲಗೆಯನ್ನು ತರಕಾರಿಗೆ ಒಗ್ಗಿಸುವುದು.

ಇದಕ್ಕೆ ಪುರಾವೆ ಇದೆ, ಆದರೆ ಅದನ್ನು ಪೂರ್ತಿ ಓದಬೇಕು. ಲಂಡನ್ನಿನ ಪ್ರಾಥಮಿಕ ಶಾಲೆಗಳ ಅಧ್ಯಯನದಲ್ಲಿ (2014) ಬರಿಯ ತೋಟದಿಂದ ಮಕ್ಕಳು ಹೆಚ್ಚು ತರಕಾರಿ ತಿಂದರೆನ್ನಲು ಗಟ್ಟಿ ಆಧಾರ ಸಿಗಲಿಲ್ಲ. ನೇಪಾಳದಲ್ಲೂ ಶಾಲಾ ತೋಟದಿಂದ ಮಕ್ಕಳ ಅರಿವು, ಒಲವು ಬೆಳೆದವು, ತಿನ್ನುವ ಪ್ರಮಾಣ ಬೆಳೆಯಲಿಲ್ಲ. ಮನೆಗಳಲ್ಲೂ ತೋಟ ಮಾಡಿಸಿದಾಗ ಅದೂ ಹೆಚ್ಚಿತು. ಅಮೆರಿಕದ ಆಸ್ಟಿನ್ ಪ್ರದೇಶದ 16 ಶಾಲೆಗಳ ಪ್ರಯೋಗದಲ್ಲಿ ತೋಟಕ್ಕೆ ಅಡುಗೆಯ ಪಾಠವೂ ಕೂಡಿದಾಗ ಮಕ್ಕಳು ಹೆಚ್ಚು ತರಕಾರಿ ತಿಂದರು. ಅವರ ತೂಕ, ರಕ್ತದೊತ್ತಡಗಳಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹೊಸ ರುಚಿಯನ್ನು, ಅದರಲ್ಲೂ ಕಹಿಯನ್ನು, ಮಕ್ಕಳು ದೂರವಿಡುವುದು ಸಹಜ. ಎಂಟು ಹತ್ತು ಸಲ ತಿಂದು ನೋಡಿದ ಮೇಲೆ ಒಗ್ಗುತ್ತದೆ. ಮಗು ಬೇಡವೆಂದು ತಳ್ಳಿದ್ದನ್ನೇ ಮತ್ತೆ ಮತ್ತೆ ಕೊಂಡು ತರುವ ಶಕ್ತಿ ಬಡವರ ಮನೆಗಿಲ್ಲ. ಆ ಖರ್ಚನ್ನು ಶಾಲೆಯ ಪಾತಿ ಹೊರಬಲ್ಲದು. ಎರಡೇ ದಿನದ ಸೊಪ್ಪಾದರೂ, ಚಿಟಿಕೆ ಚಿಟಿಕೆಯಾಗಿ ರುಚಿ ನೋಡಲು ಅದು ಧಾರಾಳ.

ಇನ್ನು ಕಾಲದ ಪ್ರಶ್ನೆ. ಜೂನ್‌ನಲ್ಲಿ ಶಾಲೆ ತೆರೆದೊಡನೆ ಸೊಪ್ಪು ಬಿತ್ತಿದರೆ ಸೂರತ್‌ನ ಕಪ್ಪು ಮಣ್ಣು ಮಳೆನೀರು ಹಿಡಿದಿಟ್ಟು ಬೇರಿನ ಉಸಿರು ಕಟ್ಟಿಸುತ್ತದೆ. ಮೇ ತಿಂಗಳಲ್ಲಿ ರಜೆ. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಕಂಡಿತ್ತು. ಉಳಿಯುವುದು ದೀಪಾವಳಿ ರಜೆಯಿಂದ ಫೆಬ್ರವರಿವರೆಗಿನ ಚಳಿಗಾಲ, ಅಷ್ಟು ಸಾಕು. ಮೆಂತ್ಯ ತಿಂಗಳಲ್ಲಿ ಕೈಗೆ ಬರುತ್ತದೆ, ಮೂಲಂಗಿ ಒಂದೂವರೆ ತಿಂಗಳಲ್ಲಿ. ಊಂಧಿಯು ಎಂಬ ತರಕಾರಿ ಪಲ್ಯಕ್ಕೆ ಹಾಕುವ ಸುರ್ತಿ ಪಾಪಡಿಯನ್ನು ಮಾತ್ರ ಮುಂಚೆಯೇ ಊರಬೇಕು. ಅದು ನಮ್ಮ ಅವರೆಯದೇ ಪ್ರಭೇದ. ಅದರ ಬೇರಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಾ ಅಲ್ಲಿ ಕೆಲಸದಲ್ಲಿದೆ. ಆ ಬಣ್ಣ ಕೊಡುವ ಪ್ರೋಟೀನು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ನಾಲ್ಕನೇ ತರಗತಿಯ ಮಗುವಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ನನಗೆ ತೋಚುವುದಿಲ್ಲ.

ತಳ್ಳಿಹಾಕಲಾಗದ ಆಕ್ಷೇಪವೆಂದರೆ ಮಣ್ಣಿನದು. ವಟವಾ, ನಂದೇಸರಿ, ಸಚಿನ್‌ನಂಥ ಕೈಗಾರಿಕಾ ಪ್ರದೇಶಗಳ ಪಕ್ಕದ ಶಾಲೆ ನೆಲದಲ್ಲಿ ನೇರವಾಗಿ ಸೊಪ್ಪು ಬೆಳೆಯುವ ಮೊದಲು ಮಣ್ಣು ಪರೀಕ್ಷಿಸಲೇಬೇಕು. ಕ್ಯಾಡ್ಮಿಯಂ ಬೇರಿನಿಂದ ಎಲೆಗೇರುತ್ತದೆ, ಸೀಸದ ದೂಳು ಎಲೆಗೆ ಅಂಟುತ್ತದೆ. ಹೊರಗಿನ ಶುದ್ಧ ಮಣ್ಣು ತುಂಬಿದ ಎತ್ತರದ ತೊಟ್ಟಿಗಳು ಅಲ್ಲಿಗೆ ಪರಿಹಾರ. ಜಾಗವಿಲ್ಲ ಎಂಬುದು ಅಷ್ಟು ದೊಡ್ಡ ತೊಡಕಲ್ಲ, ಕುಂಡಗಳಲ್ಲೂ ತಾರಸಿಯಲ್ಲೂ ಬೆಳೆಯಬಹುದು. ಆದ್ದರಿಂದ ಮೂರೂ ನಗರಗಳ ಶಾಲಾ ಆಡಳಿತಕ್ಕೆ ನನ್ನ ಮನವಿ ಇಷ್ಟೇ: ಬೀಜ, ಗುದ್ದಲಿಗಳ ಜೊತೆಗೆ ಒಂದು ಒಲೆ, ಒಂದು ಬಾಣಲೆ, ವಾರಕ್ಕೊಂದು ಅಡುಗೆಯ ತರಗತಿ ಕೊಡಿ.