ಪಹಣಿಯ ಪಾರುಪತ್ಯ

ಸಕಲೇಶಪುರದಿಂದ ಶಿರಾಡಿ ಘಾಟಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮಾರನಹಳ್ಳಿ ಸಿಕ್ಕುತ್ತದೆ. ಇಲ್ಲಿಯ ಕೃಷಿಕನಿಗೆ ಜಮೀನಿನ ಮೇಲೆ ಸಾಲ ಬೇಕಾದರೆ ಪಹಣಿ ಬೇಕು. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಬೆಳೆ, ಇವೆಲ್ಲವೂ ಅದರಲ್ಲಿ ಇರುವುವು. ಹಿಂದೆ ಗ್ರಾಮ ಲೆಕ್ಕಿಗರು ಕೈಯಿಂದ ಬರೆಯುತ್ತಿದ್ದ ಈ ದಾಖಲೆಗಳು 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದುವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು! ಇಂತಹ ವ್ಯವಸ್ಥಿತ ಸಂಗ್ರಹಕ್ಕೆ ಡೇಟಾಬೇಸ್ ಎಂದು ಹೆಸರು. ಅದರ ಪಾರುಪತ್ಯ ವಹಿಸುವವರೇ ಡೇಟಾಬೇಸ್ ನಿರ್ವಾಹಕರು. ಅವರ ಕೆಲಸವೇನೆಂಬುದನ್ನು ನೋಡೋಣ.

ಮೊದಲನೆಯದು, ಬೇಕಾದುದು ಬೇಗ ಸಿಕ್ಕುವಂತೆ ಮಾಡುವುದು. ನಿಘಂಟಿನಲ್ಲಿ ನಾವು ಪದವನ್ನು ಹುಡುಕುವುದು ಅಕಾರಾದಿಯ ಬಲದಿಂದಲ್ಲವೆ? ದಾಖಲೆಗಳಿಗೂ ಅಂತಹ ಸೂಚಿಯೊಂದಿದ್ದು, ಪ್ರತಿ ಸಲವೂ ಅರ್ಧಭಾಗವನ್ನು ಕೈಬಿಡುತ್ತ ಹೋದರೆ, 2 ಕೋಟಿಯಲ್ಲಿ ಒಂದನ್ನು ಹುಡುಕಲು 25 ಹೋಲಿಕೆಗಳು ಸಾಕು.

ಎರಡನೆಯದು ಇನ್ನೂ ಗಹನವಾದುದು. ರೈತನೊಬ್ಬನು ತನ್ನ 3 ಎಕರೆ 20 ಗುಂಟೆಯಲ್ಲಿ 1 ಎಕರೆ 10 ಗುಂಟೆಯನ್ನು ನೆರೆಯವನಿಗೆ ಮಾರಿದನೆನ್ನೋಣ. ಒಬ್ಬನ ಲೆಕ್ಕದಲ್ಲಿ ಕಳೆದು ಇನ್ನೊಬ್ಬನ ಲೆಕ್ಕಕ್ಕೆ ಕೂಡಬೇಕು. ಕಳೆದೊಡನೆಯೇ ವಿದ್ಯುತ್ತು ನಿಂತರೆ ಆ ನೆಲಕ್ಕೆ ಒಡೆಯನೇ ಇಲ್ಲದಂತಾಗುವುದು! ಆದುದರಿಂದ ಗಣಕವು ಮಾಡಲಿರುವ ಬದಲಾವಣೆಗಳನ್ನು ಮೊದಲು ‘ಲಾಗ್’ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ವಿದ್ಯುತ್ತು ಮರಳಿದಾಗ ಅದನ್ನೋದಿ, ಅರ್ಧಕ್ಕೆ ನಿಂತ ಕೆಲಸವನ್ನು ಅಳಿಸಿಹಾಕುತ್ತದೆ. ಎರಡೂ ಆಗಬೇಕು, ಇಲ್ಲವೆ ಎರಡೂ ಆಗಬಾರದು. ಈ ಲಾಗನ್ನು ಸುರಕ್ಷಿತವಾಗಿಡುವ ಹೊಣೆ ನಿರ್ವಾಹಕರದು.

ಡಿಸ್ಕೇ ಕೆಟ್ಟುಹೋದರೆ? ಭಾನುವಾರ ರಾತ್ರಿ ತೆಗೆದ ಪೂರ್ಣ ಪ್ರತಿಯೂ ಅಲ್ಲಿಂದೀಚಿನ ಲಾಗೂ ಬೇರೆಡೆಯಲ್ಲಿ ಭದ್ರವಾಗಿದ್ದರೆ, ಪ್ರತಿಯನ್ನು ಹೊಸ ಡಿಸ್ಕಿಗೆ ಇಳಿಸಿ, ಲಾಗಿನಲ್ಲಿರುವ ಬದಲಾವಣೆಗಳನ್ನು ಅನುಕ್ರಮವಾಗಿ ಮತ್ತೆ ನಡೆಯಿಸಬಹುದು. ಬುಧವಾರದ ಪಹಣಿ ಬುಧವಾರದಂತೆಯೇ ಮರಳುವುದು. ಆದರೆ ಆ ಪ್ರತಿಯೇ ಓದಲಾಗದಂತೆ ಕೆಟ್ಟಿದ್ದರೆ ಗತಿಯೇನು? ಪ್ರತಿ ತೆಗೆದೆವೆಂದು ನಿಶ್ಚಿಂತರಾಗುವವರು ಅರ್ಧ ಕೆಲಸವನ್ನಷ್ಟೇ ಮಾಡಿದವರು. ಕುಶಲ ನಿರ್ವಾಹಕರು ಆಗಾಗ್ಗೆ ಅದನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ದಾಖಲೆಗಳು ಸರಿಯಾಗಿವೆಯೆ, ಎಷ್ಟು ಗಂಟೆ ಹಿಡಿಯಿತು ಎಂದು ಪರೀಕ್ಷಿಸುತ್ತಾರೆ.

ಯಾರು ನೋಡಬಹುದು, ಯಾರು ತಿದ್ದಬಹುದು ಎಂಬ ಕಟ್ಟುಪಾಡಿನ ಪಾಲನೆಯೂ ಅವರಿಗೆ ಸೇರಿದ್ದು. ಇದಕ್ಕೆಲ್ಲ ಗಣಿತದ ತಿಳಿವಳಿಕೆಯೊಡನೆ ತಾಳ್ಮೆಯೂ ಬೇಕು, ತನ್ನ ಕೆಲಸವನ್ನೇ ಸಂದೇಹಿಸುವ ಅಭ್ಯಾಸವೂ ಬೇಕು. ಮಾರನಹಳ್ಳಿಯ ಕೃಷಿಕನು ಅವರನ್ನು ಕಾಣುವುದೇ ಇಲ್ಲ. ಅವನ ಕೈಗೆ ಪಹಣಿ ಸರಿಯಾಗಿ ಬಂದರೆ, ಅವರ ಕೆಲಸ ಚೆನ್ನಾಗಿ ನಡೆದಿದೆಯೆಂದೇ ಅರ್ಥ.